ಟೀವಿಯಲ್ಲಿ ನಡುಗಿದ ಕೈ

ಲಿಂಗನೂರಿನ ಪರಸಪ್ಪ ನಮ್ಮ ವಿಡಿಯೋ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ನಗುತ್ತಿದ್ದ. ಜಗಳಕ್ಕೆ ಬಂದವರು ಹಾಗೆ ನಗುವುದಿಲ್ಲ ಎಂದುಕೊಂಡು ನಾನು ಸ್ವಲ್ಪ ಸಮಾಧಾನಪಟ್ಟೆ. ಅವನ ಕೈಯಲ್ಲಿ ತಂಗಿಯ ಮದುವೆಯ ಡಿವಿಡಿ ಇತ್ತು. ಶೂಟಿಂಗನ್ನು ಕತ್ತರಿಸಿ ಜೋಡಿಸಿ ಅದರ ಮಿಕ್ಸಿಂಗ್ ಮಾಡಿದವಳು ನಾನೇ.

"ಅಕ್ಕಾರ, ನಮ್ಮ ತಂಗಿ ಮದುವಿ ದಿವಸ ಲಿಂಗನೂರಾಗ ಭೂಕಂಪ ಆಗಿತ್ತೇನ್ರಿ? ನಮಗ ಯಾರಿಗೂ ಗೊತ್ತಾಗ್ಲೇ ಇಲ್ಲ ನೋಡ್ರಿ."

"ಯಾಕ್ರಿ, ಏನಾತು?"

"ಏನಾತು ಅಂದ್ರ? ಹಳದಿ ಹಚ್ಚೋ ಕೈ ನಡಗತಾವು. ಅಕ್ಷತಾ ಹಾಕೋ ಕೈ ನಡಗತಾವು. ಮದುಮಗ ಅಂತೂ ಥಂಡಿ ಜ್ವರ ಬಂದಂಗ ಕಾಣ್ತಾನ. ಹುಡುಗಿನ ನೋಡಿ ಈಗಿಂದನ ಹೆದರ್ಯಾನ ಅಂತ ಮಂದಿ ನಗಾಕತ್ತಾರ."

ಪಕ್ಕದ ಕಂಪ್ಯೂಟರಿನ ಮುಂದೆ ಕುಳಿತಿದ್ದ ನನ್ನ ಜೊತೆಗಾರ ಅನೇಕಾಂತ ಜೋರಾಗಿ ನಕ್ಕ. ನನಗೆ ನಗು ಬರಲಿಲ್ಲ. ಆ ಡಿವಿಡಿಯನ್ನು ನಾನು ನನ್ನ ಕಂಪ್ಯೂಟರಿನಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡಿ, ಮತ್ತೆ ನಡುನಡುವೆ ತೆಗೆದು ನೋಡಿ, ಆಮೇಲೆಯೇ ಕೊಟ್ಟಿದ್ದೆ. ಎಲ್ಲಿಯೂ ಒಂದು ಕೈಯೂ ನಡುಗಿರಲಿಲ್ಲ.

ಅನೇಕಾಂತ ಎದ್ದು ಬಂದು ಡಿವಿಡಿ ತೆಗೆದುಕೊಂಡ. ಅಂಗಡಿಯಲ್ಲಿ ಇದ್ದ ಒಂದೇ ಟೀವಿ ಅವನ ಮೇಜಿನ ಬಳಿ ಇತ್ತು. ಅದಕ್ಕೆ ಹಾಕಿ, ಒಂದಿಷ್ಟು ಮುಂದೋಡಿಸಿ, ಮಂಟಪದಲ್ಲಿ ಹಿರಿಯರು ಸಾಲಾಗಿ ಕುಳಿತ ಜಾಗಕ್ಕೆ ನಿಲ್ಲಿಸಿದ. ಚಿತ್ರ ಚೊಕ್ಕವಾಗಿತ್ತು. ಹಿರಿಯರ ಟೋಪಿಯ ಹೊಲಿಗೆ ಕೂಡ ಕಾಣುತ್ತಿತ್ತು.

"ನೋಡ್ರಿ, ಎಲ್ಲೈತಿ ಭೂಕಂಪ? ನಿಮ್ಮ ಪ್ಲೇಯರ್ ಹಳೇದು ಇರಬೇಕು," ಎಂದ.

ಪರಸಪ್ಪ ತಲೆ ಕೆರೆದುಕೊಂಡ. "ಹೊಸಾದ್ರಿ ಮಾರಾಯ್ರ, ಬೀಗರು ಕೊಟ್ಟಿದ್ದು," ಎಂದು ಗೊಣಗುತ್ತ, ಬೇರೆ ಮನೆಯಲ್ಲಿ ಹಾಕಿ ನೋಡುತ್ತೇನೆ ಎಂದು ಹೋದ. ಅವನು ಹೋದ ಮೇಲೆ ಅನೇಕಾಂತ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಋತು, ನೀ ಆ ಟ್ರಾನ್ಸಿಷನ್ ಭಾಳ ಹಾಕ್ತಿ. ಹೊಸ ಸಾಫ್ಟ್‌ವೇರಿಗೆ ಅದು ಭಾರ ಆಗ್ತೈತಿ. ಸ್ವಲ್ಪ ಕಡಿಮಿ ಮಾಡು."

ಒಂದು ದೃಶ್ಯ ಕರಗಿ ಇನ್ನೊಂದು ಬರುವಂತೆ ಹಾಕುತ್ತಿದ್ದ ಆ ಆಟಗಳನ್ನು ನಾನು ಕಡಿಮೆ ಮಾಡಿದೆ.

ಆಗ ಸಿಡಿ ಹೋಗಿ ಡಿವಿಡಿ ಬರುತ್ತಿದ್ದ ಕಾಲ. ಸಾಂಗ್ಲಿಯ ವಿಶ್ರಾಮಬಾಗ ಬಡಾವಣೆಯಲ್ಲಿ ಗಾಜಿನ ಬಾಗಿಲಿನ ಅಂಗಡಿಗಳು ಎದ್ದಿದ್ದವು. ಮಿರಜದ ಸ್ಟೇಷನ್ ರಸ್ತೆಯಲ್ಲಿದ್ದ ನಮ್ಮ ಸ್ಟುಡಿಯೋಕ್ಕೆ ಬಂದವರು ಕೂಡ "ಸಾಂಗ್ಲ್ಯಾಗ ಮಾಡ್ತಾರಲ್ಲ, ಹಂಗ ಮಾಡ್ರಿ" ಎನ್ನುತ್ತಿದ್ದರು. ಮಾಲೀಕರಾದ ಜಿನಪ್ಪಣ್ಣನಿಗೆ ಕ್ಯಾಮೆರಾ ಗೊತ್ತು, ಕಂಪ್ಯೂಟರ್ ಗೊತ್ತಿಲ್ಲ. ಅದೆಲ್ಲ ಅವರ ತಮ್ಮನ ಮಗ ಅನೇಕಾಂತ ಮತ್ತು ನಾನು ನೋಡಿಕೊಳ್ಳುವುದು. ನಾವಿಬ್ಬರೂ ಸಾಂಗ್ಲಿಯಲ್ಲಿ ಒಂದೇ ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತವರು. ಹಗಲು ನಾನು ಅರಿಶಿನದ ಪೇಟೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದೆ. ಕ್ಲಾಸಿಗೆ ಹೋಗುವಾಗ ಬೆರಳು ಹಳದಿಯಾಗಿರುತ್ತಿದ್ದವು. ನಾನು ಮುಟ್ಟಿದ ಕೀಲಿಮಣೆಯ ಬಳಿ ಯಾರೂ ಕೂರುತ್ತಿರಲಿಲ್ಲ, ಅನೇಕಾಂತ ಕೂರುತ್ತಿದ್ದ. ಮೇಷ್ಟ್ರು ಹೇಳಿದ್ದು ಅರ್ಥವಾಗದಾಗ ಅವನನ್ನು ಕೇಳುತ್ತಿದ್ದೆ. ಜಿನಪ್ಪಣ್ಣನಿಗೆ ಹೇಳಿ ನನ್ನನ್ನು ಕೆಲಸಕ್ಕೆ ಸೇರಿಸಿದವನೂ ಅವನೇ.

ಹೊಸ ಸಾಫ್ಟ್‌ವೇರ್ ತರಬೇಕೆಂದು ಹಟ ಹಿಡಿದವನು ಅವನು. ಪುಣೆಯವರೆಲ್ಲ ಈಗ ಇದನ್ನೇ ಬಳಸುತ್ತಾರೆ, ಹಳೆಯದರಲ್ಲಿ ಡಿವಿಡಿ ಸರಿಯಾಗಿ ಬರುವುದಿಲ್ಲ ಎಂದ. ಸಾಂಗ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸಂಘರ್ಷ ಎಂಬುವನು ಬಂದು ಇಬ್ಬರ ಯಂತ್ರಕ್ಕೂ ಹೊಸದನ್ನು ಹಾಕಿ, ಹಳೆಯದನ್ನು ಅಳಿಸಿಹೋದ. ಅದೇ ವಾರ ಜಿನಪ್ಪಣ್ಣ ಇನ್ನೊಂದು ಮಾತು ಹೇಳಿದ್ದರು. ವಿಶ್ರಾಮಬಾಗದಲ್ಲಿ ಇನ್ನೊಂದು ಅಂಗಡಿ ತೆಗೆಯುತ್ತೇನೆ, ಯಾರ ಕೆಲಸದ ಮೇಲೆ ತಕರಾರು ಬರುವುದಿಲ್ಲವೋ ಅವರನ್ನು ಅಲ್ಲಿ ಕೂರಿಸುತ್ತೇನೆ. ಹಾಗೆ ಹೇಳುವಾಗ ಅವರು ನನ್ನ ಕಡೆ ನೋಡಿದ್ದರು. ನಾನು ತಲೆ ತಗ್ಗಿಸಿದ್ದೆ.

ಆಮೇಲೆ ತಕರಾರು ಬಂದದ್ದೆಲ್ಲ ನನ್ನ ಕೆಲಸದ ಮೇಲೆಯೇ. ಅನೇಕಾಂತ ಮಾಡಿದ್ದಕ್ಕೆ ಒಂದೂ ಇಲ್ಲ. ನಾನು ಡಿಸ್ಕಿನ ಕಂಪನಿ ಬದಲಿಸಿದೆ. ನಿಧಾನವಾಗಿ ಬರೆಯಲು ಬಿಟ್ಟೆ. ಕೇಬಲ್ ಕಿತ್ತು ಹಾಕಿದೆ. ಮಾಡಿದ ಕೆಲಸವನ್ನೇ ಅಳಿಸಿ ಮೊದಲಿನಿಂದ ಮಾಡಿದೆ. ಪ್ರತಿ ಸಲವೂ ಡಿಸ್ಕನ್ನು ಅನೇಕಾಂತನ ಕೈಗೆ ಕೊಡುತ್ತಿದ್ದೆ. ಅವನು ಟೀವಿಯ ಮೇಲೆ ನೋಡಿ, "ಚಲೋ ಐತಿ" ಎಂದು ಮಾರ್ಕರಿನಿಂದ ಸರಿ ಗುರುತು ಹಾಕುತ್ತಿದ್ದ. ಮೊದಲಿನಿಂದಲೂ ನಮ್ಮ ಪದ್ಧತಿ ಅದು. ಮಾಡಿದವರೇ ತಮ್ಮ ಕೆಲಸವನ್ನು ಪಾಸು ಮಾಡಬಾರದು, ಇನ್ನೊಬ್ಬರ ಕಣ್ಣು ಬೇಕು ಎಂಬುದು ಜಿನಪ್ಪಣ್ಣನ ನಿಯಮ. ಅವನ ಡಿಸ್ಕುಗಳನ್ನು ನಾನು ನೋಡುತ್ತಿದ್ದೆ, ನನ್ನವನ್ನು ಅವನು. ಅವನು ಪಾಸು ಮಾಡಿದ್ದನ್ನು ನಾನು ಮತ್ತೆ ಟೀವಿಗೆ ಹಾಕಿ ನೋಡುತ್ತಿರಲಿಲ್ಲ. ಅವನಂತೂ ಸರಿ ಇದೆ ಎನ್ನುತ್ತಿದ್ದಾನೆ, ಗಿರಾಕಿಗಳು ನಡುಗುತ್ತದೆ ಎನ್ನುತ್ತಿದ್ದಾರೆ. ಹಾಗಾದರೆ ನನಗೆ ಕಾಣದ ಏನೋ ಒಂದು ನನ್ನ ಕೈಯಿಂದಲೇ ತಪ್ಪುತ್ತಿದೆ ಎಂದುಕೊಂಡೆ. ಕಣ್ಣು ತೋರಿಸಿಕೊಳ್ಳಲು ಮಿರಜದ ಆಸ್ಪತ್ರೆಯೊಂದಕ್ಕೂ ಹೋಗಿಬಂದೆ. ಕಣ್ಣು ಚೆನ್ನಾಗಿತ್ತು.

ಹೀಗಿರುವಾಗ ಸಮಡೋಳಿ ಹಳ್ಳಿಯಿಂದ ಬಾಹುಬಲಿ ಕಾಕಾರ ಫೋನು ಬಂತು. ನನ್ನ ತಾಯಿಯ ತಂಗಿ ಚಂದ್ರಾಬಾಯಿ ಮಾವಶಿಯ ಗಂಡ ಅವರು. ದನಿ ಗಡುಸಾಗಿತ್ತು. "ಋತುಜಾ, ಇದ್ದ ಕೆಲಸ ಬಿಟ್ಟು ಬಾ," ಎಂದಷ್ಟೇ ಹೇಳಿ ಇಟ್ಟರು.

ಯಾವ ಡಿವಿಡಿಯ ವಿಷಯವೆಂದು ಕೇಳಬೇಕಾಗಿರಲಿಲ್ಲ. ಅವರ ಒಬ್ಬಳೇ ಮಗಳು ಬ್ರಾಹ್ಮಿ ಆ ಚಳಿಗಾಲದಲ್ಲಿ ಜೈನ ಸಂನ್ಯಾಸದ ದೀಕ್ಷೆ ತೆಗೆದುಕೊಂಡಿದ್ದಳು. ನಾನೂ ಬ್ರಾಹ್ಮಿಯೂ ಒಂದೇ ವಯಸ್ಸಿನವರು. ಬೇಸಿಗೆ ರಜೆಯಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದವರು. ದೀಕ್ಷೆಯ ದಿನ ಮಂಟಪದ ಮುಂದೆ ಎಷ್ಟು ಜನ ಸೇರಿದ್ದರೆಂದರೆ, ಹೆಂಗಸರ ಗುಂಪಿನ ಹಿಂದೆ ನಿಂತ ನನಗೆ ಬರಿ ಬೆನ್ನುಗಳು ಕಂಡವು. ಒಡವೆ ಕಳಚಿಟ್ಟು, ತನ್ನ ಕೂದಲನ್ನು ತಾನೇ ಕೈಯಿಂದ ಕೀಳುವ ಹೊತ್ತಿಗೆ ಸುತ್ತಲೂ ಜಯಘೋಷ ಎದ್ದಿತು. ಅದಕ್ಕೂ ಮೊದಲು ಸಭೆಯ ಎದುರು ತಂದೆತಾಯಿಯ ಒಪ್ಪಿಗೆ ಕೇಳಿದ್ದರು. ಮಾವಶಿಯ ದನಿ ಮೈಕಿನಲ್ಲಿ ಒಂದೇ ಒಂದು ಸಲ "ಹೂಂ" ಎಂದದ್ದು ಕೇಳಿಸಿತ್ತು. ಅಂದಿನಿಂದ ಅವಳು ಯಾರ ಮಗಳೂ ಅಲ್ಲ. ಹೆಸರೂ ಬೇರೆ. ಬಿಳಿ ಸೀರೆಯುಟ್ಟು, ನವಿಲುಗರಿಯ ಪಿಂಛಿ ಹಿಡಿದು, ಮಾತಾಜಿಯರ ಸಂಘದ ಜೊತೆ ಬರಿಗಾಲಲ್ಲಿ ನಡೆದುಹೋದಳು. ಜಿನಪ್ಪಣ್ಣನೇ ಶೂಟಿಂಗ್ ಮಾಡಿದ್ದರು. ಮಿಕ್ಸಿಂಗ್ ನಾನೇ ಮಾಡುತ್ತೇನೆಂದು ಕೇಳಿ ತೆಗೆದುಕೊಂಡಿದ್ದೆ.

ಸಮಡೋಳಿಯ ಮನೆಯಲ್ಲಿ ಟೀವಿ ಮೊದಲೇ ಹಚ್ಚಿಟ್ಟಿದ್ದರು. ಕಾಕಾ ಕುರ್ಚಿಯಲ್ಲಿದ್ದರು. ಮಾವಶಿ ಅಡಿಗೆ ಮನೆಯ ಹೊಸ್ತಿಲಲ್ಲಿ ಮೊರ ಹಿಡಿದು ಕುಳಿತಿದ್ದಳು.

"ಕುಂದ್ರು. ನೋಡು," ಎಂದರು ಕಾಕಾ.

ಬ್ರಾಹ್ಮಿಯ ಕೈ ತಲೆಯ ಕಡೆ ಹೋಯಿತು. ಹೋಗುತ್ತ ಹೋಗುತ್ತ ಅದು ಎರಡಾಯಿತು. ಮುಂದೆ ಹೋಗಿ, ಹಿಂದೆ ಸರಿದು, ಮತ್ತೆ ಮುಂದೆ ಹೋಯಿತು. ಬೆರಳು ಕೂದಲನ್ನು ಹಿಡಿದಾಗ ಇಡೀ ಮುಂಗೈ ತರತರ ನಡುಗಿತು. ನನ್ನ ಕಂಪ್ಯೂಟರಿನಲ್ಲಿ ಇದನ್ನು ನಾನು ನೋಡಿಯೇ ಇರಲಿಲ್ಲ.

"ಮಂದಿ ಏನಂತಾರ ಗೊತ್ತೈತೇನು?" ಕಾಕಾ ಎದ್ದು ನಿಂತರು. "ಹುಡುಗಿ ಹೆದರಿ ನಡಗಾಕತ್ತಿತ್ತು, ಅಪ್ಪ ಜುಲಮಿ ಮಾಡಿ ಕುಂಡರಿಸ್ಯಾನ ಅಂತಾರ. ಬಸದ್ಯಾಗ ಅಂತಾರ, ಡೇರಿ ಮುಂದ ಅಂತಾರ. ನಾ ಜುಲಮಿ ಮಾಡೇನೇನು? ಅಕಿ ಕಾಲ ಹಿಡದು ಬ್ಯಾಡ ಅಂದಾಂವ ನಾ! ಹೇಳು, ಇದು ನಿನ್ನ ಮಶಿನ್ನಿನ ತಪ್ಪೋ, ಬ್ರಾಹ್ಮಿ ಖರೇನ ನಡಗಿದ್ಳೋ?"

"ಮಾತಾಜಿ ಅನ್ರಿ," ಎಂದಳು ಮಾವಶಿ ಮೊರದಿಂದ ಕಣ್ಣು ತೆಗೆಯದೆ.

"ಗೊತ್ತಿಲ್ರಿ ಕಾಕಾ," ಎಂದೆ.

"ಗೊತ್ತಿಲ್ಲ ಅಂದ್ರ? ಮಾಡಿದಾಕಿ ನೀ."

ಆಗ ಮಾವಶಿ ಕೇಳಿದಳು: "ಅಗ ಋತು, ಖರೇ ಹೇಳು. ಆ ಕೈ ನಡಗಿತ್ತೇನ?"

ಆ ಪ್ರಶ್ನೆಗೆ ಉತ್ತರ ಕೊಡದೆ ನಾನು ಆ ಮನೆಯಿಂದ ಹೇಗೆ ಹೊರಗೆ ಬರಲಿ? ಇನ್ನೊಮ್ಮೆ ಹಾಕಲು ಹೇಳಿದೆ. ಈ ಸಲ ಬ್ರಾಹ್ಮಿಯನ್ನು ಬಿಟ್ಟು ಉಳಿದದ್ದನ್ನು ನೋಡಿದೆ. ಮಂಟಪದ ಕಂಬ ಅಲುಗುತ್ತಿರಲಿಲ್ಲ. ಹಿಂದೆ ಕುಳಿತ ಮುದುಕಿಯರು ಅಲುಗುತ್ತಿರಲಿಲ್ಲ. ಆದರೆ ತಾಟು ಹಿಡಿದು ದಾಟಿಹೋದ ಕಾರ್ಯಕರ್ತನೊಬ್ಬ ಜ್ವರ ಬಂದವನಂತೆ ನಡುಗುತ್ತ ಹೋದ. ಗಾಳಿಗೆ ತೂಗುತ್ತಿದ್ದ ತೋರಣವೂ ನಡುಗುತ್ತಿತ್ತು. ಹಾಗಾದರೆ ಅಲುಗಿದ್ದೆಲ್ಲ ನಡುಗುತ್ತಿದೆ, ಸುಮ್ಮನಿದ್ದದ್ದು ಸುಮ್ಮನಿದೆ. ಹಾಗೆಂದು ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ತಾಟಿನವನು ನಡುಗುವುದು ಯಂತ್ರದ ತಪ್ಪಿರಬಹುದು, ಬ್ರಾಹ್ಮಿ ನಿಜಕ್ಕೂ ನಡುಗಿರಲೂಬಹುದು. ಎರಡೂ ಒಟ್ಟಿಗೇ ಇರಬಹುದಲ್ಲ.

"ಕ್ಯಾಸೆಟ್ ನೋಡಿ ಹೇಳ್ತೇನ್ರಿ," ಎಂದೆ. "ಕ್ಯಾಮೆರಾದ ಮೂಲ ಕ್ಯಾಸೆಟ್ ಐತಿ."

ಮರುದಿನ ಅನೇಕಾಂತ ಕುಪವಾಡದ ಒಂದು ಸೀಮಂತದ ಶೂಟಿಂಗಿಗೆ ಹೋಗಿದ್ದ. ಜಿನಪ್ಪಣ್ಣನ ಕ್ಯಾಮೆರಾವನ್ನು ನೇರವಾಗಿ ಟೀವಿಗೆ ಜೋಡಿಸಿ ಕ್ಯಾಸೆಟ್ ಹಾಕಿದೆ. ಕಂಪ್ಯೂಟರಿನ ಗೊಡವೆಯೇ ಇಲ್ಲ. ಬ್ರಾಹ್ಮಿ ತಲೆಯ ಕಡೆ ಕೈ ಒಯ್ದಳು. ಕೂದಲು ಹಿಡಿದಳು, ಎಳೆದಳು. ಮತ್ತೆ ಹಿಡಿದಳು. ಸೊಪ್ಪು ಸೋಸುತ್ತ ಕುಳಿತವಳ ಕೈಯಂತೆ ಇತ್ತು ಆ ಕೈ. ಹಿಂದಕ್ಕೆ ತಿರುಗಿಸಿ ನೋಡಿದೆ, ನಿಧಾನ ಮಾಡಿ ನೋಡಿದೆ. ಒಂದು ಬೆರಳೂ ನಡುಗಿರಲಿಲ್ಲ. ಮುಖದಲ್ಲಿ ನೋವು ಇತ್ತೋ ಏನೋ, ಹೆದರಿಕೆ ಇರಲಿಲ್ಲ. ಅಂಗಡಿಯಲ್ಲಿ ಯಾರೂ ಇಲ್ಲದ್ದರಿಂದ ನಾನು ಅತ್ತೆ. ಮಾವಶಿಗೆ ಹೇಳಲು ಒಂದು ಒಳ್ಳೆಯ ಮಾತು ಸಿಕ್ಕಿತು ಎಂಬ ಸಂತೋಷಕ್ಕೆ.

ಹಾಗಾದರೆ ತಪ್ಪು ಕ್ಯಾಸೆಟ್ಟಿನದಲ್ಲ, ಡಿಸ್ಕಿನದಲ್ಲ. ಕಂಪ್ಯೂಟರಿನಿಂದ ಡಿವಿಡಿಗೆ ಹೊರಡುವ ದಾರಿಯಲ್ಲಿ ಏನೋ ಕೆಡುತ್ತಿದೆ. ಅನೇಕಾಂತನನ್ನು ಕೇಳಬಹುದಿತ್ತು, ಆದರೆ ಅವನು ಮತ್ತೆ ಟ್ರಾನ್ಸಿಷನ್ ಕಡಿಮೆ ಮಾಡು ಎನ್ನುತ್ತಾನೆ ಎಂದು ಸಂಘರ್ಷನಿಗೆ ಫೋನ್ ಮಾಡಿದೆ. ಸಂಘರ್ಷನ ತಂದೆ ವಿಜಾಪುರ ಕಡೆಯಿಂದ ಕೂಲಿಗೆ ಬಂದು ಸಾಂಗ್ಲಿಯಲ್ಲಿ ನಿಂತವರು. ಅವನಿಗೆ ಮರಾಠಿ ಸಲೀಸು. ನನ್ನ ಜೊತೆ ಮಾತ್ರ ಕನ್ನಡ ಪ್ರಯೋಗ ಮಾಡುತ್ತಿದ್ದ.

"ಸಂಘರ್ಷಣ್ಣ, ಹೊಸಾದು ಹಾಕಿದಾಗಿಂದ ಅಲುಗಿದ್ದೆಲ್ಲಾ ನಡಗತೈತಿ. ಕಂಪ್ಯೂಟರಿನ್ಯಾಗ ಕಾಣೂದಿಲ್ಲ, ಟೀವ್ಯಾಗ ಅಷ್ಟ."

"ಅರೇ! ಫೀಲ್ಡಿಂದು ಐತಿ ಅದು. ಇನ್ನೂ ಹಂಗ ಐತಿ?"

"ಏನ್ ಫೀಲ್ಡ್?"

"ಟೀವಿ ಚಿತ್ರ ಅರ್ಧ ಅರ್ಧ ತೆಗೀತೈತಿ, ಬರೋಬರ್? ಒಮ್ಮೆ ಮ್ಯಾಲಿನ ಗೆರೆ, ಒಮ್ಮೆ ಕೆಳಗಿನ ಗೆರೆ. ನಿಮ್ಮ ಕ್ಯಾಮೆರಾ ಕೆಳಗಿಂದು ಮೊದಲ ತುಂಬತೈತಿ. ಹೊಸ ವರ್ಷನ್ ತಾನ ಮ್ಯಾಲಿಂದು ಮೊದಲ ಕಳಸ್ತೈತಿ. ಉಲಟಾ ಝಾಲಂ ನಾ, ತಿರಗಾಮುರಗಾ ಆತು! ಆಮ್ಯಾಲಿನ ಕೈ ಮೊದಲ ಬರ್ತೈತಿ, ಮೊದಲಿನ ಕೈ ಆಮ್ಯಾಲ. ನಡಗದ ಏನ್ ಮಾಡ್ತೈತಿ? ಕಂಪ್ಯೂಟರ್ ಎರಡೂ ಕೂಡಿಸಿ ತೋರಸ್ತೈತಿ, ಅದಕ್ಕ ಅಲ್ಲಿ ಕಾಣೂದಿಲ್ಲ. ಡಿವಿಡಿಗೆ ಎಕ್ಸ್‌ಪೋರ್ಟ್ ಮಾಡೋ ಮುಂದ ಒಂದು ಬಟನ್ ಐತಿ, ಕೆಳಗಿಂದು ಮೊದಲ ಅಂತ ಒತ್ತು. ಝಾಲಂ, ಮುಗೀತು."

ಇಷ್ಟೇ. ನಾನು ಕಿತ್ತು ಹಾಕಿದ ಕೇಬಲ್ಲು, ಬದಲಿಸಿದ ಡಿಸ್ಕು, ಆಸ್ಪತ್ರೆಯಲ್ಲಿ ಓದಿದ ಅಕ್ಷರಗಳು, ಎಲ್ಲ ಈ ಒಂದು ಬಟನ್ನಿಗಾಗಿ.

"ನನಗ ಗೊತ್ತಾಗ್ಲಿಲ್ಲ ನೋಡ್ರಿ," ಎಂದೆ. ನಾಚಿಕೆಯಾಗಿತ್ತು.

"ನಿನಗ ಹೆಂಗ ಗೊತ್ತಾಗ್ತೈತಿ? ಆದ್ರ ಅನೇಕಾಂತಗ ಹೇಳಿದ್ನೆಲ್ಲ! ಹಾಕಿದ ಎರಡ ದಿವಸಕ್ಕ ಅಂವನ ಫೋನ್ ಮಾಡಿದ್ದ, ನಡಗತೈತಿ ಅಂತ. ದೋನೀ ಮಶಿನಿವರ ಬದಲ, ಎರಡೂ ಮಶಿನ್ನಿನ ಮ್ಯಾಲ ಬದಲ ಮಾಡು ಅಂತ ಹೇಳೇನಿ. ಮರತಾನೇನ?"

"ಮರತಿರಬೇಕು," ಎಂದು ಫೋನಿಟ್ಟೆ.

ಮರೆತಿರಬೇಕು ಎಂದು ನಾನು ನಿಜವಾಗಿಯೂ ನಂಬಲು ನೋಡಿದೆ. ತನ್ನ ಯಂತ್ರದ ಮೇಲೆ ಬದಲಿಸಿ, ನನ್ನದನ್ನು ನಾಳೆ ಮಾಡೋಣವೆಂದು ಮರೆತಿರಬಹುದು. ಆದರೆ ಪ್ರತಿ ಡಿಸ್ಕನ್ನೂ ಅವನು ಟೀವಿಯ ಮೇಲೆ ನೋಡುತ್ತಿದ್ದನಲ್ಲ. ಪರಸಪ್ಪ ಬಂದ ದಿನ ನೆನಪಾಯಿತು. ಇಡೀ ಮದುವೆಯಲ್ಲಿ ಅವನು ಹುಡುಕಿ ನಿಲ್ಲಿಸಿದ್ದು ಹಿರಿಯರು ಸುಮ್ಮನೆ ಕುಳಿತ ಜಾಗಕ್ಕೆ. ಎಲ್ಲಿ ಯಾರೂ ಅಲುಗುವುದಿಲ್ಲವೋ ಅಲ್ಲಿಗೆ. ಮರೆತವನ ಕೈ ಅಷ್ಟು ಸರಿಯಾಗಿ ಅಲ್ಲಿಗೇ ಹೋಗುವುದಿಲ್ಲ.

ಅವನು ಕುಪವಾಡದಿಂದ ಬಂದಾಗ ನಾನು ಟೀವಿಯ ಮೇಲೆ ಎರಡು ಡಿಸ್ಕು ಹಾಕಿ ತೋರಿಸಿದೆ. ಒಂದು ಹಳೆಯದು, ಒಂದು ಬಟನ್ ಬದಲಿಸಿ ಆಗಷ್ಟೇ ತೆಗೆದದ್ದು. ಅವನು ಹೆಗಲಿನ ಬ್ಯಾಗ್ ಇಳಿಸಲಿಲ್ಲ.

"ಸಿಕ್ತಲ್ಲ. ಚಲೋ ಆತು," ಎಂದ.

"ನಿನಗ ಗೊತ್ತಿತ್ತು."

"ಕಾಯ?" ಏನು ಎಂದು ಮರಾಠಿಯಲ್ಲಿ ಕೇಳಿದ.

"ಮರಾಠಿ ಹಚ್ಚಬ್ಯಾಡ. ನಿನಗ ಗೊತ್ತಿತ್ತು ಅನೇಕಾಂತ. ಸಂಘರ್ಷ ಹೇಳಿದ."

ಅವನು ಬ್ಯಾಗ್ ಇಳಿಸಿ, ಟ್ರೈಪಾಡನ್ನು ಮೂಲೆಗೆ ಒರಗಿಸಿ, ಅದು ಬೀಳದಂತೆ ಮತ್ತೆ ಸರಿಪಡಿಸಿದ. "ನಾ ನಿಂದು ಏನೂ ಕೆಡಸಿಲ್ಲ ಋತು. ನಿನ್ನ ಮಶಿನ್ ಮುಟ್ಟಿಲ್ಲ ಸುದ್ದಾ."

"ಟ್ರಾನ್ಸಿಷನ್ ಕಡಿಮಿ ಮಾಡು ಅಂದಾಂವ ಯಾರು? ಸರಿ ಅಂತ ಗುರ್ತು ಹಾಕಿದಾಂವ ಯಾರು? ನಾ ಕಣ್ಣಿನ ಆಸ್ಪತ್ರಿಗೆ ಹೊಂಟಾಗ ನೀನ ರಿಕ್ಷಾ ತಂದಿದ್ದಿ!"

"ಹೌದು, ತಂದಿದ್ನಿ. ಏನ್ ಮಾಡ್ಬೇಕಿತ್ತು ನಾ?" ಅವನ ದನಿ ಏರಿತು. "ಮನ್ಯಾಗ ಅಪ್ಪ ದಿನಾ ಕೇಳ್ತಾನ, ನಿಮ್ಮ ದೊಡ್ಡಪ್ಪ ಸಾಂಗ್ಲಿ ಅಂಗಡಿ ಆ ಹುಡುಗಿಗಿ ಕೊಡ್ತಾನಂತಲ್ಲ, ನಿನಗ ಕೈ ಇಲ್ಲೇನು ಅಂತ. ನಿನ್ನ ಇಲ್ಲಿಗೆ ತಂದಾಂವ ನಾ. ಕಲಿಸಿದಾಂವ ನಾ. ದೊಡ್ಡಪ್ಪ ಮಾತ್ರ ಎದ್ರ ಋತುಜಾ, ಕುಂತ್ರ ಋತುಜಾ. ಸ್ವಲ್ಪ ದಿವಸ ಸುಮ್ಮ ಇದ್ದೆ. ಅಷ್ಟ."

"ಅದರಾಗ ಬ್ರಾಹ್ಮಿ ದೀಕ್ಷಾದ್ದೂ ಇತ್ತು."

ಅವನು ಟೀವಿಯ ಕಡೆ ನೋಡಿದ. ಅಲ್ಲಿ ಬ್ರಾಹ್ಮಿಯ ಕೈ ಸ್ಥಿರವಾಗಿ ಮೇಲೆ ಹೋಗುತ್ತಿತ್ತು. "ಅದನ್ನ ನೋಡಿದಾಗ ಹೇಳಬೇಕು ಅಂತ ಬಾಯಿಗೆ ಬಂದಿತ್ತು," ಎಂದ. "ಆದ್ರ ಆಗ ಹೇಳಿದ್ರ, ಹಿಂದಿಂದೆಲ್ಲಾ ಯಾಕ ಹೇಳ್ಲಿಲ್ಲ ಅಂತ ನೀ ಕೇಳ್ತಿದ್ದಿ."

ಅವನ ಮೇಲೆ ಕೂಗಾಡಬೇಕೆಂದು ಹಗಲೆಲ್ಲ ಮಾತು ಜೋಡಿಸಿದ್ದೆ. ಬಾಯಿಗೆ ಬಂದದ್ದು ಒಂದೇ: "ನಾ ನಿನ್ನ ಡಿಸ್ಕು ಕೊನೀತನಕಾ ನೋಡ್ತಿದ್ದೆ." ಅವನು ಹೋಗಿ ಟೀವಿ ಆರಿಸಿದ.

ಜಿನಪ್ಪಣ್ಣನಿಗೆ ಹೇಳಬೇಕೋ ಬೇಡವೋ ಎಂದು ಒದ್ದಾಡಿ ಕೊನೆಗೆ ಹೇಳಿದೆ. ಅವರು ಕ್ಯಾಮೆರಾದ ಮಸೂರವನ್ನು ಬಟ್ಟೆಯಿಂದ ಒರೆಸುತ್ತ ಪೂರ್ತಿ ಕೇಳಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಅಂವಗ ಬೈತೇನಿ. ಅಗದೀ ಬೈತೇನಿ. ಹಿಂಗ ಮಾಡಬಾರದಾಗಿತ್ತು ಅಂವ," ಎಂದರು. "ಆದ್ರ ಋತು, ವಿಶ್ರಾಮಬಾಗದ ಬೋರ್ಡಿಗೆ ಅಂವನ ಹೆಸರು ಬರಸಾಕ ಕೊಟ್ಟಾಗೇತಿ. ನಿನ್ನ ಮ್ಯಾಲ ಒಂದರ ಹಿಂದ ಒಂದ ತಕರಾರ ಬಂತಲ್ಲ, ನಾ ಏನ್ ಮಾಡ್ಲಿ?"

"ತಕರಾರ ಯಾಕ ಬಂತು ಅಂತ ಈಗ ಹೇಳಿದ್ನೆಲ್ರಿ ಅಣ್ಣಾ."

"ಹೇಳಿದಿ. ಅಂವ ನಮ್ಮ ತಮ್ಮನ ಮಗ. ಬೋರ್ಡ್ ಅಳಸಿದ್ರ ಮನ್ಯಾಗ ಯಾಕ ಅಂತ ಕೇಳ್ತಾರ. ಇದನ್ನೆಲ್ಲಾ ನಾಕ ಮಂದ್ಯಾಗ ಹೇಳ್ಲೇನು? ನೀ ಶ್ಯಾಣ್ಯಾಕಿ ಇದ್ದಿ, ತಿಳಕೋ." ಆಮೇಲೆ, ನನಗೆ ಸಮಾಧಾನವಾಗಲೆಂದೋ ಏನೋ, "ನಿನಗೂ ಒಂದು ಟೀವಿ ತರಸ್ತೇನಿ," ಎಂದರು.

ನನಗೆ ಉಳಿದದ್ದು ಸಮಡೋಳಿ ಒಂದೇ. ಬ್ರಾಹ್ಮಿಯ ಡಿವಿಡಿಯನ್ನು ಮೊದಲಿನಿಂದ ಮಾಡಿದೆ. ಟೀವಿಯ ಮುಂದೆ ಕುಳಿತು, ಅಲುಗುವ ಪ್ರತಿಯೊಂದನ್ನೂ ನೋಡಿದೆ. ತಾಟು ಹಿಡಿದವನು ನೆಟ್ಟಗೆ ನಡೆದುಹೋದ. ತೋರಣ ಮೆಲ್ಲಗೆ ತೂಗಿತು. ಎಲ್ಲ ಹೋದರೂ ಇದೊಂದನ್ನು ಸರಿಮಾಡಿ ಕೊಡುತ್ತೇನೆ, ಮಾವಶಿಯ ಎದೆಯ ಮೇಲಿನ ಒಂದು ಕಲ್ಲಾದರೂ ಇಳಿಯುತ್ತದೆ ಎಂದುಕೊಂಡು ಬಸ್ಸು ಹತ್ತಿದೆ.

ಕಾಕಾ ಬಾಗಿಲಲ್ಲೇ ಕೇಳಿದರು. "ಏನಾತು?"

"ನಡಗಿಲ್ರಿ ಕಾಕಾ. ಮಶಿನ್ನಿನ ತಪ್ಪ." ಒಳಗೆ ಕುಳಿತು ಎಲ್ಲ ಹೇಳಿದೆ. ಅರ್ಧ ಅರ್ಧ ಗೆರೆಯ ವಿಷಯ, ಬಟನ್ನಿನ ವಿಷಯ. ಹೇಳುತ್ತ ಹೇಳುತ್ತ ಅನೇಕಾಂತನ ವಿಷಯವೂ ಬಂತು. ಮಾವಶಿ ಸೆರಗಿನಿಂದ ನನ್ನ ಕಣ್ಣೊರೆಸಿ, "ಅಳಬ್ಯಾಡ. ಮಂದಿ ಹಂಗ ಇರ್ತಾರ," ಎಂದಳು.

ಹೊಸ ಡಿಸ್ಕು ಹಾಕಿದೆ. ಕೈ ಮೇಲೆ ಹೋಯಿತು, ಕೂದಲು ಹಿಡಿಯಿತು, ಎಳೆಯಿತು. ಕಾಕಾ ತೊಡೆ ತಟ್ಟಿ ಎದ್ದರು.

"ನೋಡು! ನೋಡು ಹೆಂಗ ಕುಂತಾಳ! ಕಲ್ಲಿನ ಮೂರ್ತಿ ಹಂಗ! ಇದನ್ನ ತೋರಸ್ತೇನಿ ಒಬ್ಬೊಬ್ಬರಿಗಿ. ಸಿದರಾಯಾ! ಏ ಸಿದರಾಯಾ!" ಎಂದು ಪಕ್ಕದ ಮನೆಯವರನ್ನು ಕರೆಯುತ್ತ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಹೋದರು.

ಮಾವಶಿ ನೋಡುತ್ತಲೇ ಇದ್ದಳು. ಬಿಳಿ ಸೀರೆ ಬಂತು, ಪಿಂಛಿ ಬಂತು. ಬ್ರಾಹ್ಮಿ ಎದ್ದು ಜನರ ನಡುವೆ ನಡೆದಳು. ಒಮ್ಮೆಯೂ ಈ ಕಡೆ ತಿರುಗಲಿಲ್ಲ. ಅದು ಹಳೆಯ ಡಿಸ್ಕಿನಲ್ಲೂ ಹಾಗೆಯೇ ಇತ್ತು, ಆದರೆ ಆ ನಡುಕದಲ್ಲಿ ಅವಳು ತಿರುಗಿದಳೋ ಇಲ್ಲವೋ ಎಂದು ಹೇಳಲು ಬರುತ್ತಿರಲಿಲ್ಲ.

"ಒಮ್ಮೆನೂ ನಡಗಿಲ್ಲೇನ?" ಎಂದಳು ಮಾವಶಿ.

"ಇಲ್ರಿ ಮಾವಶಿ. ಕ್ಯಾಸೆಟ್ಟಿನ್ಯಾಗ ಸುದ್ದಾ ನೋಡೇನಿ. ಒಂದ ಬೆರಳೂ ನಡಗಿಲ್ಲ." ನಾನು ಇನ್ನೂ ಸಂತೋಷದಿಂದಲೇ ಹೇಳುತ್ತಿದ್ದೆ.

"ನಾ ದಿನಾ ಅದನ್ನ ಹಚ್ಚಿಕೊಂಡು ನೋಡ್ತಿದ್ದೆ. ನಿಮ್ಮ ಕಾಕಾ ಹೊಲಕ್ಕ ಹೋದ ಮ್ಯಾಲ." ಅವಳ ಕಣ್ಣು ಟೀವಿಯ ಮೇಲೇ ಇತ್ತು. "ಆ ಕೈ ನಡಗಿದಾಗೆಲ್ಲಾ ಅಂದ್ಕೋತಿದ್ದೆ, ಈಗ ಅಕಿಗಿ ಅವ್ವ ನೆನಪಾದ್ಳು ಅಂತ. ನಾ ಮೈಕಿನ್ಯಾಗ ಹೂಂ ಅಂದೆ. ನನ್ನ ಬಾಯಿ ಹೂಂ ಅಂತು. ಅಕಿಗಾದ್ರೂ ಒಂದು ಕ್ಷಣ ಬ್ಯಾಡ ಅನ್ಸಿತ್ತು ಅಂತ ತಿಳಕೊಂಡಿದ್ದೆ."

ನಾನು ರಿಮೋಟ್ ಹಿಡಿದು ಕುಳಿತಿದ್ದೆ. ನಿಲ್ಲಿಸಬೇಕೋ ಬಿಡಬೇಕೋ ತಿಳಿಯಲಿಲ್ಲ.

"ನನ್ನ ಬಿಟ್ಟು ಹೋಗಾಗ ಇಷ್ಟು ಸಮಾಧಾನ ಇತ್ತೇನ ಅಕಿಗಿ?"

"ಮಾವಶಿ, ಹಂಗಲ್ರಿ..."

"ಹಂಗ ಐತಿ. ನೀನ ತೋರಿಸಿದೆಲ್ಲ."

ಹಳೆಯ ಡಿಸ್ಕು ಟೀವಿಯ ಪಕ್ಕದಲ್ಲಿತ್ತು. ಕೆಟ್ಟ ಡಿಸ್ಕನ್ನು ಗಿರಾಕಿಯ ಬಳಿ ಬಿಡಬಾರದು, ಅದನ್ನು ವಾಪಸು ತರಬೇಕು ಎಂಬುದು ನನಗೆ ರೂಢಿ. ಅದರ ಕಡೆ ಕೈ ಚಾಚಿದೆ. ಮಾವಶಿ ನನಗಿಂತ ಮೊದಲು ಅದನ್ನು ಎತ್ತಿಕೊಂಡಳು.

"ಅದು ಸುಳ್ಳ ಐತ್ರಿ ಮಾವಶಿ."

"ಗೊತ್ತಾತು. ಈಗ ಗೊತ್ತಾತಲ್ಲ, ಇನ್ನ ಇದನ್ನ ನೋಡಿದ್ರೂ ಅಷ್ಟ, ಬಿಟ್ರೂ ಅಷ್ಟ." ಡಿಸ್ಕನ್ನು ಸೆರಗಿನಲ್ಲಿ ಸುತ್ತಿದಳು. "ಆ ಹುಡುಗ ನಿನಗ ಹೇಳದ ಸುಮ್ಮ ಇದ್ದಾ ಅಂತ ಅಳ್ತಿಯಲ್ಲ ಋತು. ನನಗ ಅಂಥಾಂವ ಒಬ್ಬ ಬೇಕಾಗಿದ್ದ."

ನೀವೇ ಕೇಳಿದ್ದಿರಲ್ಲ, ಖರೇ ಹೇಳು ಅಂದಿದ್ದಿರಲ್ಲ ಎಂದು ಹೇಳಬೇಕೆನಿಸಿತು. ಆದರೆ ಅವಳು ಆವತ್ತು ಕೇಳಿದ ದನಿಯಲ್ಲಿ ನಾನು ಹೆದರಿಕೆಯನ್ನು ಮಾತ್ರ ಕೇಳಿಸಿಕೊಂಡಿದ್ದೆ, ಆಸೆಯನ್ನಲ್ಲ.

ಅಷ್ಟರಲ್ಲಿ ಕಾಕಾ ಪಕ್ಕದ ಮನೆಯವರನ್ನು ಕರೆದುಕೊಂಡು ಬಂದರು. ಸಿದರಾಯ, ಅವನ ಹೆಂಡತಿ, ಡೇರಿಯ ಕಡೆಯವರಿಬ್ಬರು. "ಕುಂದ್ರಿ, ಕುಂದ್ರಿ. ಋತು, ಮೊದಲಿಂದ ಹಚ್ಚು. ಆ ಕೂದಲದ್ದು ಹಚ್ಚು," ಎಂದರು. ನಾನು ಹಚ್ಚಿದೆ. "ಈಗ ಹೇಳ್ರಿ, ಯಾರ ಕೈ ನಡಗತೈತಿ?" ಎಂದು ಅವರು ಒಬ್ಬೊಬ್ಬರ ಮುಖ ನೋಡಿದರು. ಎಲ್ಲರೂ ಕೈ ಮುಗಿದರು.

ಮಾವಶಿ ಎದ್ದು ಅಡಿಗೆ ಮನೆಗೆ ಹೋದಳು. ಹೊರಡುವಾಗ ನಾನು ಹೊಸ್ತಿಲಲ್ಲಿ ನಿಂತು, "ಬರ್ತೇನ್ರಿ ಮಾವಶಿ," ಎಂದೆ. ಚಿಕ್ಕಂದಿನಿಂದ ಆ ಮನೆಯಿಂದ ಅವಳು ನನ್ನನ್ನು ಹಣೆಗೆ ಕುಂಕುಮ ಹಚ್ಚದೆ ಕಳಿಸಿದವಳಲ್ಲ. ಒಲೆಯ ಕಡೆ ಮುಖ ಮಾಡಿ ನಿಂತವಳು, "ಹೂಂ," ಎಂದಳು. ತಿರುಗಲಿಲ್ಲ. ನಾನು ಚಪ್ಪಲಿ ಮೆಟ್ಟಿ ಬಸ್ಸಿನ ಕಡೆ ನಡೆದೆ.